ಮತ್ತೆ ಸ್ಟಿಯರಿಂಗ್ ಹಿಡಿದ ಡ್ರೈವರಕ್ಕ

ಡಿಪೋದಲ್ಲಿ ಎಲ್ಲರೂ ಅವಳನ್ನು ಡ್ರೈವರಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವರಾದ ಮೆಕ್ಯಾನಿಕ್‌ಗಳ ಬಾಯಲ್ಲೂ ಅದೇ ಹೆಸರು. ರೈಲ್ವೆ ಸ್ಟೇಷನ್ನಿನಿಂದ ಹೊರಟು ಮಾರುಕಟ್ಟೆ, ಕಾಲೇಜು, ದೊಡ್ಡಾಸ್ಪತ್ರೆ ಸುತ್ತಿಕೊಂಡು ಊರಾಚೆಯ ಕಾರ್ಖಾನೆಗಳ ಗೇಟಿನವರೆಗೆ ಹೋಗುವ ಉದ್ದನೆಯ ರೂಟು ಅವಳದು. ಬ್ರೇಕು ಒತ್ತಿದರೆ ನಿಂತವರು ಮುಗ್ಗರಿಸಬಾರದು ಎನ್ನುವುದು ಅವಳ ಹಟ. "ಅಕ್ಕನ ಬಸ್ಸಲ್ಲಿ ಕೂತ್ರೆ ಹಾಗೇ ಜೊಂಪು ಹತ್ತುತ್ತೆ" ಎಂದು ಕಾರ್ಖಾನೆಗೆ ಹೋಗುವ ಹೆಂಗಸರು ಹೇಳುತ್ತಿದ್ದರು. ಅವಳಿಗೆ ಅದಕ್ಕಿಂತ ದೊಡ್ಡ ಬಿರುದು ಬೇಕಿರಲಿಲ್ಲ.

ಕೆಲಸದ ದಿನ ಅವಳು ನೀರು ಕುಡಿಯುತ್ತಿರಲಿಲ್ಲ. ಕಾರ್ಖಾನೆ ಗೇಟಿನ ಕೊನೆಯ ಸ್ಟಾಪಿನಲ್ಲಿ ಒಂದು ಶೌಚಾಲಯವಿತ್ತು, ಅದಕ್ಕೆ ಸದಾ ಬೀಗ. ಗಂಡಸರು ಕಾಂಪೌಂಡಿನ ಮರೆಗೆ ಹೋಗಿ ಬರುತ್ತಿದ್ದರು. ಅವಳು ಬೆಳಿಗ್ಗೆ ಅರ್ಧ ಲೋಟ ಕಾಫಿ ಕುಡಿದು ಹೊರಟರೆ ಡಿಪೋಗೆ ಮರಳುವ ತನಕ ತುಟಿ ಒದ್ದೆ ಮಾಡಿಕೊಂಡರೆ ಹೆಚ್ಚು. ಹಾಗಾಗಿ ಉರಿಮೂತ್ರ ಅವಳಿಗೆ ಹೊಸದಲ್ಲ. ಆದರೆ ಒಂದು ದಿನ ಮೂತ್ರ ಕೆಂಪಾಗಿ ಹೋಯಿತು. ಮುಟ್ಟು ನಿಂತು ಎಷ್ಟೋ ಕಾಲವಾಗಿತ್ತು. ಇದೇನಪ್ಪ ಎಂದು ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋದಳು. ಅಲ್ಲಿನ ಡಾಕ್ಟರು ಸೋಂಕು ಅಂದರು, ಮಾತ್ರೆ ಕೊಟ್ಟರು. ಕೆಂಪು ನಿಂತಿತು. ಮತ್ತೆ ಬಂತು. ಮತ್ತೆ ಮಾತ್ರೆ. ನೋವಿಲ್ಲದ ಕಾರಣ ಅವಳೂ ತಲೆ ಕೆಡಿಸಿಕೊಳ್ಳಲಿಲ್ಲ. ಹೀಗೆ ಒಂದು ಚಳಿಗಾಲ ಹೋಯಿತು, ಬೇಸಿಗೆಯೂ ಮುಗಿಯುತ್ತ ಬಂತು.

ಮನೆಯಲ್ಲಿ ಇದ್ದದ್ದು ಮೂವರೇ. ಅವಳು, ಟೈಲರ್ ಗಂಡ, ಅತ್ತೆ. ಮಕ್ಕಳಾಗಲಿಲ್ಲ. ಆ ಮಾತು ಮನೆಯಲ್ಲಿ ಎಂದೋ ಹಳೆಯದಾಗಿ ಮೂಲೆ ಸೇರಿತ್ತು. ಗಂಡ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ. ಮೆತ್ತನೆಯ ಮನುಷ್ಯ, ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ಕಂಡರೂ ಬೆವರುತ್ತಿದ್ದ. ಅತ್ತೆ ಮಾತ್ರ ಅವನ ತಾಯಿ ಎಂದು ನಂಬುವುದೇ ಕಷ್ಟ. ಜೀವಮಾನವೆಲ್ಲ ಮಾರುಕಟ್ಟೆಯಲ್ಲಿ ತರಕಾರಿ ಮಾರಿದವರು. ಅಲ್ಲಿ ಕೂಗಿ ಕೂಗಿ ಬೆಳೆಸಿಕೊಂಡ ಗಂಟಲು ಮನೆಗೆ ಬಂದ ಮೇಲೂ ಇಳಿದಿರಲಿಲ್ಲ. ಅತ್ತೆಗೂ ಸೊಸೆಗೂ ಜಗಳವಿರಲಿಲ್ಲ, ಹಾಗೆಂದು ಸಲಿಗೆಯೂ ಇರಲಿಲ್ಲ. ಒಬ್ಬರು ಮಾಡಿಟ್ಟ ಅಡುಗೆ ಇನ್ನೊಬ್ಬರು ಉಣ್ಣುತ್ತಿದ್ದರು. ಅಷ್ಟರಲ್ಲೇ ವರ್ಷಗಳು ಕಳೆದಿದ್ದವು.

ಬೇಸಿಗೆಯ ಕೊನೆಗೆ ಒಂದು ಮಧ್ಯಾಹ್ನ ಕಾರ್ಖಾನೆ ಗೇಟಿನಿಂದ ವಾಪಸು ಹೊರಟಾಗ ಅವಳಿಗೆ ಮೂತ್ರ ಕಟ್ಟಿಕೊಂಡಿತು. ಕಿಬ್ಬೊಟ್ಟೆ ಕಲ್ಲಾಯಿತು. ಬಸ್ಸಿನ ತುಂಬ ಜನ. ಸ್ಟಿಯರಿಂಗಿನ ಮೇಲೆ ಬೆವರು ತೊಟ್ಟಿಕ್ಕುತ್ತಿದ್ದರೂ ಒಂದೊಂದೇ ಸ್ಟಾಪಿನಲ್ಲಿ ಜನರನ್ನು ಇಳಿಸುತ್ತ ಬಂದಳು. ದೊಡ್ಡಾಸ್ಪತ್ರೆಯ ಸ್ಟಾಪು ಬಂದಾಗ ಬಸ್ಸನ್ನು ಪಕ್ಕಕ್ಕೆ ಹಾಕಿ, ಇಂಜಿನ್ ಆಫ್ ಮಾಡಿ, ಕಂಡಕ್ಟರನ್ನು ಕರೆದಳು.

"ಡಿಪೋಗೆ ಫೋನ್ ಮಾಡಿ ಬೇರೆ ಡ್ರೈವರ್‌ನ ಕಳ್ಸೋಕೆ ಹೇಳಪ್ಪ. ನನ್ನ ಸ್ಟಾಪು ಬಂತು" ಎಂದು ಇಳಿದಳು.

ಕಂಡಕ್ಟರು ತಮಾಷೆ ಅಂದುಕೊಂಡ. ಅವಳು ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆಯ ಗೇಟು ದಾಟುವುದನ್ನು ನೋಡಿದ ಮೇಲೆ ಹಿಂದೆ ಓಡಿದ.

ಹೆಪ್ಪುಗಟ್ಟಿದ ರಕ್ತ ಮೂತ್ರದ ದಾರಿಗೆ ಅಡ್ಡ ನಿಂತಿತ್ತು. ಅದನ್ನು ತೆಗೆದು, ಸಣ್ಣ ಕ್ಯಾಮೆರಾ ಹಾಕಿ ಒಳಗೆ ನೋಡಿದರು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಹೇಳುವ ದಿನ ಸರ್ಜನ್ ಮೂವರನ್ನೂ ಕೂರಿಸಿಕೊಂಡರು. ಅವಳದೇ ವಯಸ್ಸಿನ ಹೆಂಗಸು, ಸಣ್ಣ ದನಿ.

"ಮೂತ್ರಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಇದೆ. ಮೇಲ್ಮೇಲೆ ಇದ್ದಿದ್ರೆ ಕೆರೆದು ತೆಗೀತಿದ್ವಿ. ಇದು ಮಾಂಸಖಂಡಕ್ಕೆ ಇಳಿದುಬಿಟ್ಟಿದೆ. ಮೊದಲು ಕೆಲವು ಸುತ್ತು ಕೀಮೋ ಕೊಟ್ಟು, ಆಮೇಲೆ ಮೂತ್ರಕೋಶಾನೇ ತೆಗೀಬೇಕು. ಗರ್ಭಕೋಶಾನೂ ಜೊತೆಗೆ ತೆಗೀತೀವಿ."

ಗಂಡನ ಮುಖ ಸುಣ್ಣವಾಯಿತು. ಅವಳು ಕೇಳಿದಳು: "ನಾನು ನೀರು ಕುಡೀದೆ ಕಟ್ಕೊಂಡು ಕೂತಿದ್ದಕ್ಕೇ ಹೀಗಾಯ್ತಾ?"

"ಹಾಗಂತ ಹೇಳೋಕಾಗಲ್ಲ. ಯಾಕೆ ಬಂತು ಅಂತ ಎಷ್ಟೋ ಸಲ ನಮಗೇ ಗೊತ್ತಾಗಲ್ಲ. ನಿಮ್ಮ ತಪ್ಪು ಅಂತ ಮಾತ್ರ ಅಂದ್ಕೋಬೇಡಿ."

"ಅದೆಲ್ಲ ಇರ್ಲಿ," ಅತ್ತೆಯ ದನಿ ಹೊರಗಿನ ಬೆಂಚಿನಲ್ಲಿ ಕೂತವರಿಗೂ ಕೇಳಿಸಿತು. "ಕೋಶಾನೇ ತೆಗೆದ್ಮೇಲೆ ಉಚ್ಚೆ ಎಲ್ಲಿಂದ ಬರುತ್ತೆ?"

ಸರ್ಜನ್ ನಗಲಿಲ್ಲ. ಸರಿಯಾದ ಪ್ರಶ್ನೆ ಎಂಬಂತೆ ತಲೆಯಾಡಿಸಿ ವಿವರಿಸಿದರು. ದಾರಿ ಎರಡಿವೆ. ಕರುಳಿನಿಂದಲೇ ಹೊಸ ಮೂತ್ರಕೋಶ ಹೊಲಿದು ಒಳಗೇ ಕೂರಿಸುವುದು ಒಂದು. ಅದು ಒಳ್ಳೆಯದೇ, ಆದರೆ ಅದನ್ನು ಪಳಗಿಸಲು ತಿಂಗಳುಗಳು ಬೇಕು, ಸೋರಬಹುದು, ಕೆಲವರಿಗೆ ತಾನಾಗಿ ಖಾಲಿಯಾಗುವುದೂ ಇಲ್ಲ. ಇನ್ನೊಂದು, ಸಣ್ಣ ಕರುಳಿನ ಒಂದು ಗೇಣು ತುಂಡು ತೆಗೆದುಕೊಂಡು ಮೂತ್ರನಾಳಗಳನ್ನು ಅದಕ್ಕೆ ಜೋಡಿಸಿ, ಅದರ ಬಾಯಿಯನ್ನು ಹೊಟ್ಟೆಯ ಮೇಲೆ ತಂದು ಬಿಡುವುದು. ಮೂತ್ರ ಹನಿಹನಿಯಾಗಿ ಬರುತ್ತಲೇ ಇರುತ್ತದೆ. ಅದರ ಮೇಲೆ ಒಂದು ಚೀಲ ಅಂಟಿಸಿಕೊಳ್ಳಬೇಕು, ಜೀವ ಇರುವ ತನಕ.

"ಬಸ್ ಓಡ್ಸೋಕೆ ಯಾವ್ದು ಒಳ್ಳೇದು?" ಡ್ರೈವರಕ್ಕ ಕೇಳಿದಳು.

ಈ ಪ್ರಶ್ನೆ ಸರ್ಜನ್‌ಗೆ ಹೊಸದು. "ನಾನಾಗಿದ್ರೆ ಚೀಲ ಅಂತೀನಿ. ಆದ್ರೆ ಆರಿಸ್ಕೋಬೇಕಾದವರು ನೀವು."

ಅವಳು ಚೀಲವನ್ನೇ ಆರಿಸಿಕೊಂಡಳು.

ಕೀಮೋ ಅವಳ ಕೂದಲು ತೆಗೆದುಕೊಂಡು ಹೋಯಿತು, ನಾಲಿಗೆಯ ರುಚಿ ತೆಗೆದುಕೊಂಡು ಹೋಯಿತು. ಅದು ಮುಗಿದು, ದೇಹ ಸ್ವಲ್ಪ ಸುಧಾರಿಸಿಕೊಂಡ ಮೇಲೆ ಆಪರೇಷನ್ನಿಗೆ ದಿನ ಗೊತ್ತಾಯಿತು. ಹಿಂದಿನ ದಿನ ಒಬ್ಬ ನರ್ಸ್ ಪೆನ್ನು ಹಿಡಿದುಕೊಂಡು ಬಂದಳು. ಈ ಚೀಲಗಳ ಕೆಲಸಕ್ಕೆಂದೇ ಇರುವ ನರ್ಸ್ ಅವಳು. ಕರುಳಿನ ಬಾಯಿ ಹೊಟ್ಟೆಯ ಮೇಲೆ ಎಲ್ಲಿ ಬರಬೇಕು ಎಂದು ಗುರುತು ಹಾಕಬೇಕಿತ್ತು. ಹೊಕ್ಕುಳಿನ ಬಲಕ್ಕೆ, ಸ್ವಲ್ಪ ಕೆಳಗೆ. ಚರ್ಮ ಮಡಿಸುವ ಕಡೆ ಬರಕೂಡದು, ಉಡುಪಿನ ಬಿಗಿ ತಗುಲಕೂಡದು, ಅವಳ ಕಣ್ಣಿಗೆ ಕಾಣುವಂತಿರಬೇಕು.

"ನಿಂತ್ಕೊಳ್ಳಿ. ಈಗ ಬಗ್ಗಿ. ಈಗ ಬಸ್ಸಲ್ಲಿ ಹೇಗೆ ಕೂರ್ತೀರೋ ಹಾಗೆ ಕೂತ್ಕೊಳ್ಳಿ."

ಡ್ರೈವರಕ್ಕ ಕುರ್ಚಿಯಲ್ಲಿ ಕೂತು, ಕಾಲು ಚಾಚಿ, ಗಾಳಿಯಲ್ಲಿ ಸ್ಟಿಯರಿಂಗ್ ಹಿಡಿದಳು. ಗಂಡ ಕುತ್ತಿಗೆಗೆ ನೇತುಹಾಕಿಕೊಂಡೇ ಬಂದಿದ್ದ ಅಳತೆಯ ಟೇಪನ್ನು ತೆಗೆದು ಅವಳ ಸೊಂಟದ ಮೇಲೆ ಅಡ್ಡ ಹಿಡಿದ.

"ಸೀಟ್ ಬೆಲ್ಟು ಇಲ್ಲಿ ಬರುತ್ತೆ ಸಿಸ್ಟರ್," ಎಂದ. ಅವನು ಆ ವಾರವೆಲ್ಲ ಆಡಿದ ಮೊದಲ ಪೂರ್ತಿ ಮಾತು ಅದು.

ನರ್ಸ್ ಬೆಲ್ಟಿನ ಗೆರೆಗಿಂತ ಮೇಲೆ ಒಂದು ಚುಕ್ಕಿ ಇಟ್ಟಳು. ಅಷ್ಟು ಹೊತ್ತೂ ಧೈರ್ಯವಾಗಿದ್ದ ಡ್ರೈವರಕ್ಕನ ಕಣ್ಣು ಆಗ ತುಂಬಿ ಬಂತು. ತಾನು ಮತ್ತೆ ಬಸ್ಸು ಓಡಿಸುತ್ತೇನೆ ಎಂದು ಇವರಿಬ್ಬರೂ ಲೆಕ್ಕ ಹಾಕಿಬಿಟ್ಟಿದ್ದಾರಲ್ಲ ಎಂದು.

ಆಪರೇಷನ್ ಬೆಳಿಗ್ಗೆ ಶುರುವಾಗಿ ಸಂಜೆಗೆ ಮುಗಿಯಿತು. ಎಚ್ಚರವಾದಾಗ ಮೂಗಿಗೆ, ಕೈಗೆ, ಹೊಟ್ಟೆಗೆ ಕೊಳವೆಗಳು. ಕರುಳು ಕೆಲಸ ಶುರುಮಾಡದೆ ಹೊಟ್ಟೆ ಉಬ್ಬಿಕೊಂಡು ಕೆಲವು ದಿನ ಜೀವ ಬಾಯಿಗೆ ಬಂದಿತ್ತು. "ಹೂಸು ಬಂದ್ರೆ ತಕ್ಷಣ ಹೇಳಿ" ಎಂದು ಡಾಕ್ಟರುಗಳು ದಿನವೂ ಹೇಳುತ್ತಿದ್ದರು. ಕೊನೆಗೆ ಅದು ಬಂದ ದಿನ ಅತ್ತೆ ವಾರ್ಡಿನ ಆ ತುದಿಯಲ್ಲಿದ್ದ ನರ್ಸಿಗೆ ಈ ತುದಿಯಿಂದಲೇ ಸುದ್ದಿ ಮುಟ್ಟಿಸಿದರು. ಪಕ್ಕದ ಹಾಸಿಗೆಗಳವರೆಲ್ಲ ನಕ್ಕರು. ಡ್ರೈವರಕ್ಕನಿಗೂ ನಗು ಬಂತು, ಹೊಲಿಗೆ ಎಳೆದು ನೋವೂ ಬಂತು.

ಆದರೆ ಚೀಲ ಬದಲಿಸುವುದನ್ನು ಕಲಿಸಲು ನರ್ಸ್ ಬಂದಾಗ ಅವಳು ಮುಖ ಗೋಡೆಗೆ ತಿರುಗಿಸಿದಳು. ನೋಡಲಾರೆ ಅಂದಳು. ಗಂಡ ನೋಡಲು ಬಗ್ಗಿದವನು ಹಾಗೇ ನೆಲದ ಮೇಲೆ ಕೂತುಬಿಟ್ಟ, ಅವನಿಗೇ ನೀರು ಕುಡಿಸಬೇಕಾಯಿತು.

"ಸರೀರಿ ಎಲ್ರೂ," ಅತ್ತೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. "ಸಿಸ್ಟರ್, ನಂಗೆ ಹೇಳ್ಕೊಡಿ."

ಚೀಲವನ್ನು ಮೆಲ್ಲಗೆ ಬಿಡಿಸುವುದು, ಬೆಚ್ಚಗಿನ ನೀರಿನಲ್ಲಿ ಒರೆಸುವುದು, ಚರ್ಮ ಪೂರ್ತಿ ಒಣಗಿಸುವುದು, ಕರುಳಿನ ಬಾಯಿಯ ಅಳತೆಗೆ ಸರಿಯಾಗಿ ಅಂಟುಬಿಲ್ಲೆ ಕತ್ತರಿಸುವುದು. ಅತ್ತೆ ಬಾಯಿ ಮುಚ್ಚಿಕೊಂಡು ಕಲಿತರು. ಮೂತ್ರದಲ್ಲಿ ಲೋಳೆ ಕಂಡಾಗ ಬೆಚ್ಚಿದರು. ಅದು ಕರುಳಿನ ಸ್ವಭಾವ, ಹೆದರಬೇಡಿ ಎಂದು ನರ್ಸ್ ಹೇಳಿದಳು. ಎಲ್ಲ ಮುಗಿದ ಮೇಲೆ ಅತ್ತೆ ಆ ಕೆಂಪು ಬಾಯಿಯನ್ನು ಸ್ವಲ್ಪ ಹೊತ್ತು ನೋಡಿದರು.

"ನೋಡೇ ಇಲ್ಲಿ. ಏನೋ ಅಂದ್ಕೊಂಡಿದ್ದೆ. ಮುನಿಸ್ಕೊಂಡ ಮಗು ತುಟಿ ಮುಂದೆ ಮಾಡಿದ ಹಾಗಿದೆ, ಅಷ್ಟೇ."

ಆ ಮಾತಿಗೆ ಅವಳು ತಿರುಗಿ, ತನ್ನ ಹೊಟ್ಟೆಯನ್ನು ಮೊದಲ ಸಲ ನೋಡಿಕೊಂಡಳು. ಹೆದರಿದ್ದಷ್ಟು ಇರಲಿಲ್ಲ.

ಮನೆಗೆ ಕಳಿಸುವ ಮೊದಲು ಸರ್ಜನ್ ಬಂದು, ತೆಗೆದದ್ದರ ಅಂಚುಗಳಲ್ಲಿ ಕ್ಯಾನ್ಸರ್ ಉಳಿದಿಲ್ಲ, ಅಕ್ಕಪಕ್ಕದ ಗ್ರಂಥಿಗಳಿಗೂ ಹರಡಿಲ್ಲ ಎಂದರು. "ಪೂರ್ತಿ ವಾಸಿ ಅಂತ ಈಗಲೇ ಹೇಳಲ್ಲ. ಆದ್ರೆ ಇದಕ್ಕಿಂತ ಒಳ್ಳೇ ಸುದ್ದಿ ಈ ಹಂತದಲ್ಲಿ ನನ್ನ ಹತ್ರ ಇಲ್ಲ." ಗಂಡ ಎರಡೂ ಕೈ ಜೋಡಿಸಿ ನಿಂತ.

ಮನೆಗೆ ಬಂದ ಹೊಸತರಲ್ಲಿ ಚೀಲ ಸೋರಿತು. ಬೆಳಕು ಹರಿಯುವ ಹೊತ್ತಿಗೆ ಎದ್ದರೆ ಹಾಸಿಗೆ, ಬಟ್ಟೆ ಎಲ್ಲ ಒದ್ದೆ. ಅವಳು ಹಾಸಿಗೆಯ ತುದಿಯಲ್ಲಿ ಕೂತು ಅತ್ತಳು. ಸದ್ದು ಕೇಳಿ ಅತ್ತೆ ಬಂದರು. ಏನೂ ಕೇಳದೆ ಹಾಸಿಗೆಯ ಬಟ್ಟೆ ಎಳೆದು ಬಕೆಟ್ಟಿಗೆ ಹಾಕಿದರು.

"ಅತ್ತೆ, ಈ ವಯಸ್ಸಲ್ಲಿ ನಿಮ್ಮ ಕೈಲಿ ಇದನ್ನೆಲ್ಲ ಮಾಡಿಸ್ಕೊಳ್ಳೋ ಹಾಗಾಯ್ತಲ್ಲ."

"ನಂಗೆ ಈ ಮನೇಲಿ ಮೊಮ್ಮಕ್ಕಳ ಬಟ್ಟೆ ಒಗೆಯೋ ಯೋಗ ಇರ್ಲಿಲ್ಲ. ಅದನ್ನ ನೀನು ತೀರಿಸ್ತಿದೀಯ ಅಂದ್ಕೋ. ಏಳು, ಸ್ನಾನ ಮಾಡು, ನೀರು ಕಾದಿದೆ."

ಬೇರೆ ಯಾವ ದಿನ ಅತ್ತೆ ಆ ಮೊಮ್ಮಕ್ಕಳ ಮಾತೆತ್ತಿದ್ದರೂ ಅವಳಿಗೆ ಮುಳ್ಳು ಚುಚ್ಚಿದಂತಾಗುತ್ತಿತ್ತು. ಅವತ್ತು ಹಾಗಾಗಲಿಲ್ಲ. ಅತ್ತೆ ಅದನ್ನು ಹೇಳಿದ ಧಾಟಿಯಲ್ಲಿ ಕೊರಗಿರಲಿಲ್ಲ. ಅವಳು ಎದ್ದು ಸ್ನಾನಕ್ಕೆ ಹೋದಳು. ಬಾಗಿಲ ಹೊರಗೆ ನಿಂತ ಅತ್ತೆ, ಚೀಲದ ಅಂಟಿನ ಹತ್ತಿರ ಸೋಪು ಉಜ್ಜಬೇಡ ಎಂದು ನೆರೆಮನೆಗೆಲ್ಲ ಕೇಳುವಂತೆ ಎಚ್ಚರಿಸಿದರು.

ಒಮ್ಮೆ ಚಳಿಜ್ವರ ಬಂದು ನಡುಗಿ, ಸೋಂಕು ಮೂತ್ರಪಿಂಡಕ್ಕೆ ಏರಿದೆ ಎಂದು ಮತ್ತೆ ಆಸ್ಪತ್ರೆ ಸೇರಿದಳು. ನೀರು, ಇನ್ನೂ ನೀರು, ಧಾರಾಳವಾಗಿ ಕುಡಿಯಿರಿ ಎಂದು ನರ್ಸ್ ಬೈದೇ ಹೇಳಿದಳು. ಅಂದಿನಿಂದ ಅವಳ ಪಕ್ಕದಲ್ಲಿ ಸದಾ ಒಂದು ಬಾಟಲಿ. ಮಲಗುವಾಗ ಹೊಟ್ಟೆಯ ಚೀಲಕ್ಕೆ ಉದ್ದ ಕೊಳವೆಯ ದೊಡ್ಡ ಚೀಲವೊಂದನ್ನು ಸೇರಿಸಿ ಮಂಚದ ಪಕ್ಕಕ್ಕೆ ತೂಗುಹಾಕುವುದನ್ನು ಕಲಿತಳು. ಬರಬರುತ್ತ ಚೀಲ ಬದಲಿಸುವ ಕೆಲಸವನ್ನು ಅತ್ತೆಯ ಕೈಯಿಂದ ತಾನೇ ತೆಗೆದುಕೊಂಡಳು.

ಗಂಡ ಮಾತ್ರ ಮಂಚದ ಆ ಕಡೆ, ಗೋಡೆಗೆ ಅಂಟಿಕೊಂಡು ಮಲಗುತ್ತಿದ್ದ. ಹೇಸಿಗೆಯೇನೋ ಎಂದು ಅವಳು ಒಳಗೊಳಗೇ ಬೆಂದಳು. ಒಂದು ಭಾನುವಾರ ಮಧ್ಯಾಹ್ನ ಅತ್ತೆ ಹೊರಗೆ ಹೋಗಿದ್ದಾಗ ಕೇಳಿಯೇ ಬಿಟ್ಟಳು.

"ರೀ, ನನ್ನ ಕಂಡ್ರೆ ನಿಮಗೆ ಅಸಹ್ಯ ಆಗುತ್ತಾ?"

ಅವನು ಕತ್ತರಿ ಕೆಳಗಿಟ್ಟ. "ಅಸಹ್ಯಾನಾ? ನಿದ್ದೇಲಿ ಕೈ ತಾಗಿ ಆ ಕೊಳವೆ ಕಿತ್ತುಬಂದ್ರೆ ಅಂತ ಭಯ ಕಣೆ. ನಾನು ಸರಿಯಾಗಿ ಮಲಗಿ ಎಷ್ಟು ದಿನ ಆಯ್ತು ಗೊತ್ತಾ?"

ಗಂಡಹೆಂಡಿರ ನಡುವೆ ಮೊದಲಿದ್ದುದೆಲ್ಲ ಮೊದಲಿನಂತೆ ಇರಲಿಕ್ಕಿಲ್ಲ ಎಂದು ಸರ್ಜನ್ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಒಳಗೆ ತೆಗೆದದ್ದು ಬಹಳ, ನೋವಾಗಬಹುದು, ಅವಸರ ಬೇಡ ಎಂದಿದ್ದರು. ಆ ಮಾತನ್ನು ಇಬ್ಬರೂ ಅವತ್ತು ಮೊದಲ ಬಾರಿಗೆ ಬಾಯಿಬಿಟ್ಟು ಆಡಿದರು. ಆಡಿ ಮುಗಿಸಿದ ಮೇಲೆ ಅವನು ಯಂತ್ರದ ಕೆಳಗಿನ ಡಬ್ಬಿಯಿಂದ ಏನನ್ನೋ ತೆಗೆದ. ಚೀಲಕ್ಕೆ ಹಾಕುವ ಬಟ್ಟೆಯ ಕವಚಗಳು, ಮೆತ್ತನೆಯ ಹತ್ತಿಯವು. ಪ್ಲಾಸ್ಟಿಕ್ ಚರ್ಮಕ್ಕೆ ತಾಗಿ ಬೆವತು ತುರಿಸುತ್ತದೆ ಎಂದು ಅವಳು ಅತ್ತೆಯ ಹತ್ತಿರ ಹೇಳಿದ್ದನ್ನು ಕೇಳಿಸಿಕೊಂಡಿದ್ದನಂತೆ. ಗೆರೆಯದು, ಹೂವಿನದು, ಒಂದು ಖಾಕಿಯದು.

"ಖಾಕಿ ಯಾಕ್ರೀ?"

"ಡ್ಯೂಟಿಗೆ."

ಡ್ಯೂಟಿಗೆ ಹೋಗುವುದು ಅಷ್ಟು ಸುಲಭವಾಗಲಿಲ್ಲ. ಡಿಪೋ ಮ್ಯಾನೇಜರ್ ಒಳ್ಳೆಯವನೇ. ವಿಚಾರಣೆ ಕಿಟಕಿಯಲ್ಲಿ ಕೂತು ಬಸ್ಸಿನ ವೇಳೆ ಹೇಳುವ ಕೆಲಸ ಕೊಡುತ್ತೇನೆ, ಫ್ಯಾನಿನ ಕೆಳಗೆ ಆರಾಮಾಗಿರು ಎಂದ.

"ಸಾರ್, ನನ್ನ ಕೈಕಾಲು, ಕಣ್ಣು ಎಲ್ಲ ಸರಿ ಇದೆ. ಇಲ್ಲದೇ ಇರೋದು ಮೂತ್ರಕೋಶ ಒಂದೇ. ಅದರಿಂದ ಯಾರೂ ಗೇರ್ ಹಾಕಲ್ಲ."

ಮ್ಯಾನೇಜರ್ ನಗು ತಡೆಯಲು ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದ. ಡಾಕ್ಟರು ಪರೀಕ್ಷಿಸಿ ಸರಿ ಎಂದರೆ ತನ್ನದೇನೂ ಅಡ್ಡಿಯಿಲ್ಲ ಎಂದ. ಸಾರಿಗೆ ಸಂಸ್ಥೆಯ ಡಾಕ್ಟರು ಅವಳನ್ನು ನಡೆಸಿ, ಬಗ್ಗಿಸಿ, ಮೆಟ್ಟಿಲು ಹತ್ತಿಸಿ ನೋಡಿದರು. ಭಾರ ಎತ್ತುವಂತಿಲ್ಲ, ಹೊಟ್ಟೆಗೆ ಪಟ್ಟಿ ಕಟ್ಟಿಕೊಳ್ಳಬೇಕು, ಎರಡು ತುದಿಯ ಸ್ಟಾಪುಗಳಲ್ಲೂ ಚೀಲ ಖಾಲಿ ಮಾಡಲು ಶೌಚಾಲಯ ಇರಬೇಕು ಎಂದು ಹೇಳಿ ಒಪ್ಪಿಗೆ ಕೊಟ್ಟರು.

ಆ ಕೊನೆಯ ಮಾತಿನಿಂದ ಕಾರ್ಖಾನೆ ಗೇಟಿನ ಶೌಚಾಲಯದ ಬೀಗ ತೆರೆಯಿತು. ಒಳಗೆ ಮುರಿದ ಕುರ್ಚಿಗಳು, ಹಳೆಯ ಟೈರುಗಳು ತುಂಬಿದ್ದವು. ಎಲ್ಲ ಸಾಗಿಸಿ, ನಲ್ಲಿ ಹಾಕಿಸಿ, ಬಾಗಿಲಿಗೆ ಚಿಲಕ ಹಾಕಿಸಿದರು. ಅವಳೊಬ್ಬಳಿಗಾಗಿ ಬಾಗಿಲು ತೆರೆದರೂ ಆ ರೂಟಿನ ಹೆಣ್ಣು ಕಂಡಕ್ಟರುಗಳಿಗೆಲ್ಲ ಅದು ಸಿಕ್ಕಿತು. ಅವರಲ್ಲೊಬ್ಬಳು ಬಂದು ಅವಳ ಕೈ ಹಿಡಿದುಕೊಂಡಳು. "ಅಕ್ಕ, ನಿಮ್ಮಿಂದ ನಾವು ನೀರು ಕುಡಿಯೋ ಹಾಗಾಯ್ತು." ಕುಡೀರಮ್ಮ, ಚೆನ್ನಾಗಿ ಕುಡೀರಿ ಅಂದಳು ಡ್ರೈವರಕ್ಕ.

ಮೊದಲ ದಿನ ಖಾಕಿ ಕವಚ ಹಾಕಿಕೊಂಡು ಸೀಟೇರಿದಳು. ಗಂಡ ಪ್ಯಾಂಟಿನ ಸೊಂಟವನ್ನು ಸಡಿಲ ಮಾಡಿ ಮತ್ತೆ ಹೊಲಿದಿದ್ದ. ಬೆಲ್ಟು ಎಳೆದು ಹಾಕಿಕೊಂಡಾಗ ಅದು ಚೀಲದ ಕೆಳಗೆ ತಣ್ಣಗೆ ಕೂತಿತು. ಇಂಜಿನ್ ಶುರುವಾದಾಗ ಪಾದದಿಂದ ಮೇಲೇರಿದ ಆ ನಡುಕ ಅವಳಿಗೆ ಎಷ್ಟು ಬೇಕಾಗಿತ್ತೆಂದು ಅವಳಿಗೇ ಗೊತ್ತಿರಲಿಲ್ಲ. ಸ್ಟೇಷನ್ ರಸ್ತೆಯ ಉಬ್ಬಿನಲ್ಲಿ ಮಾತ್ರ ಎದೆ ಧಸಕ್ಕೆಂದಿತು, ಅಂಟು ಬಿಟ್ಟಿತೇನೋ ಎಂದು. ಸಿಗ್ನಲ್ಲಿನಲ್ಲಿ ಮುಟ್ಟಿ ನೋಡಿಕೊಂಡಳು. ಒಣಗಿತ್ತು. ಮಾರುಕಟ್ಟೆಯ ಹತ್ತಿರ ಕಾರ್ಖಾನೆಯ ಹೆಂಗಸರು ಹತ್ತಿದರು. ಒಬ್ಬಳು ಅವಳ ಗಿಡ್ಡ ಕೂದಲನ್ನು ನೋಡಿ, "ಅಕ್ಕ, ಫ್ಯಾಶನ್ ಮಾಡಿಸ್ಕೊಂಡ್ರಾ?" ಎಂದಳು. "ಹೂಂ, ದೊಡ್ಡಾಸ್ಪತ್ರೇಲಿ" ಎಂದಳು ಡ್ರೈವರಕ್ಕ. ಸ್ವಲ್ಪ ದೂರ ಹೋದ ಮೇಲೆ ಹಿಂದಿನ ಸೀಟುಗಳಲ್ಲಿ ಕೆಲವರಿಗೆ ಜೊಂಪು ಹತ್ತಿರುವುದು ಕನ್ನಡಿಯಲ್ಲಿ ಕಂಡಿತು.

ಎಲ್ಲ ನೆಟ್ಟಗಾಯಿತು ಎಂದಲ್ಲ. ಮಳೆಗಾಲದ ಒಂದು ದಿನ ಬಸ್ಸಿನಲ್ಲೇ ಚೀಲ ಸೋರಿ, ಮೇಲೆ ರೇನ್‌ಕೋಟು ಹಾಕಿಕೊಂಡು ಡಿಪೋ ಸೇರಬೇಕಾಯಿತು. ಕರುಳಿನ ಬಾಯಿಯ ಪಕ್ಕದಲ್ಲಿ ಹೊಟ್ಟೆ ಸ್ವಲ್ಪ ಉಬ್ಬಿಕೊಂಡಿದೆ, ಅದರ ಮೇಲೆ ಒಂದು ಕಣ್ಣಿಟ್ಟಿರಬೇಕು. ಮೂತ್ರಪಿಂಡವೊಂದು ತುಸು ಸೊರಗಿದೆ. ಸ್ಕ್ಯಾನಿನ ದಿನ ಹತ್ತಿರ ಬಂದರೆ ಮೂವರಿಗೂ ಊಟ ಸೇರುವುದಿಲ್ಲ.

ಮೂರನೆಯ ವರ್ಷದ ಸ್ಕ್ಯಾನ್ ನೋಡಿದ ಸರ್ಜನ್, ಏನೂ ಇಲ್ಲ, ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು ಎಂದರು. ಡ್ರೈವರಕ್ಕ ಅವರಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡು ಬಂದಿದ್ದಳು. ಎದುರು ನಿಂತಾಗ ಎಲ್ಲ ಮರೆತು, "ಮೇಡಂ, ನೀವು ಚೆನ್ನಾಗಿರ್ಬೇಕು" ಎಂದಷ್ಟೇ ಅಂದಳು. ಸರ್ಜನ್ ಅವಳ ಭುಜ ತಟ್ಟಿ, ಮುಂದಿನ ರೋಗಿಯನ್ನು ಕರೆದರು.

ಗಂಡ ಹೊಲಿಗೆಯ ಕೆಲಸವಿದೆಯೆಂದು ಮುಂಚೆಯೇ ಮನೆಗೆ ಹೋದ. ಅತ್ತೆ ಸೊಸೆ ಇಬ್ಬರೂ ಬಸ್ಸಿನಲ್ಲಿ ಹೊರಟರು. ಓಡಿಸುತ್ತಿದ್ದವನು ಬೇರೆ ಡ್ರೈವರು, ಬ್ರೇಕು ಸ್ವಲ್ಪ ಒರಟು. ಅತ್ತೆ ಕಿಟಕಿಯ ಪಕ್ಕ ಕೂತು, ಬೀದಿಬದಿಯ ಗಾಡಿಗಳ ತರಕಾರಿಯನ್ನು ನೋಡುತ್ತ ಇದು ಬಾಡಿದೆ, ಅದು ಎಳೆಯದು ಎಂದು ತೀರ್ಪು ಕೊಡುತ್ತಿದ್ದರು.

"ಅತ್ತೆ," ಅವಳು ಕರೆದಳು. "ನೀವು ಇಲ್ದೇ ಇದ್ದಿದ್ರೆ ನಾನು ಇಷ್ಟು ದೂರ ಬರ್ತಿರ್ಲಿಲ್ಲ. ಅವತ್ತೇ ಹೇಳ್ಬೇಕಿತ್ತು. ಬಾಯಿ ಬರ್ಲಿಲ್ಲ."

ಅತ್ತೆ ಕಿಟಕಿಯಿಂದ ಮುಖ ತಿರುಗಿಸಿದರು. ಅವರು ಮೆಲ್ಲನೆ ಮಾತಾಡಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

"ನಾನೂ ಹೇಳಿಲ್ಲ ಬಿಡು. ಆಪರೇಷನ್ ದಿನ ಆ ಬಾಗಿಲ ಹೊರಗೆ ಕೂತಾಗ, ಇವಳು ಎದ್ದು ಬಂದ್ರೆ ಸಾಕು, ಬೇರೇನೂ ಬೇಡ ಅಂತ ಬೇಡ್ಕೊಂಡಿದ್ದೆ. ಎದ್ದು ಬಂದೆಯಲ್ಲ, ನಂಗೆ ಅಷ್ಟೇ ಸಾಕು."

ಬಸ್ಸು ಮಾರುಕಟ್ಟೆಯ ಹತ್ತಿರ ನಿಧಾನವಾಯಿತು. ಅತ್ತೆ ಎದ್ದು, ಕಂಬಿ ಹಿಡಿದು, ಇಲ್ಲೇ ಇಳಿಯೋಣ ಎಂದರು. ಬದನೆಕಾಯಿ ಚೆನ್ನಾಗಿ ಕಾಣುತ್ತಿದೆ, ಮಗನಿಗೆ ಇಷ್ಟ. ಅವಳು ಮೊದಲು ಇಳಿದು, ಅತ್ತೆಗೆ ಕೈ ಕೊಟ್ಟಳು. ಇಬ್ಬರೂ ಗಾಡಿಗಳ ಕಡೆ ನಡೆದರು. ಎರಡನೆಯ ಪಾಳಿಯ ಡ್ಯೂಟಿಗೆ ಇನ್ನೂ ಸಾಕಷ್ಟು ಸಮಯವಿತ್ತು.